ಪುಸ್ತಕ ಕೊಳ್ಳುವ ಮೊದಲು ಈಕ್ವಿಲಿಬ್ರಿಯಂ ಪಾಠ ತೆರೆಯಿರಿ

ಹನ್ನೊಂದನೇ ತರಗತಿಗೆ ಅಡ್ಮಿಷನ್ ಆದ ಕೂಡಲೇ ಮುಂಬೈನ ಚೆಂಬೂರು, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಅಪ್ಪ-ಅಮ್ಮಂದಿರು ಕೇಳುವುದು ಒಂದೇ: "ಸರ್, ಕೆಮಿಸ್ಟ್ರಿಗೆ ಯಾವ ಪುಸ್ತಕ ತಗೊಳ್ಳೋದು?" ಅಂಗಡಿಯಲ್ಲೇ ನಿಂತು ಕೆಮಿಕಲ್ ಈಕ್ವಿಲಿಬ್ರಿಯಂ, ಅಂದರೆ ರಾಸಾಯನಿಕ ಸಮತೋಲನದ ಪಾಠ ತೆರೆಯಿರಿ ಅಂತೀನಿ. ಪುಸ್ತಕದ ಗಟ್ಟಿತನ ಅಲ್ಲಿ ತಿಳಿಯುತ್ತದೆ.

ಸಮತೋಲನ ಬಂತೆಂದರೆ ಕ್ರಿಯೆ ನಿಂತಿತು ಎಂದು ಮಕ್ಕಳು ತಿಳಿಯುತ್ತಾರೆ. ನಿಲ್ಲುವುದಿಲ್ಲ. ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುತ್ತಲೇ ಇರುತ್ತದೆ. ಎರಡೂ ಕಡೆಯ ಪ್ರಮಾಣ ಸಮ ಆಗಬೇಕೆಂದೂ ಇಲ್ಲ.

ನಾನು ಮೊದಲು ಹುಡುಕುವುದು ನೈಟ್ರೋಜನ್ ಡೈಆಕ್ಸೈಡ್ ಉದಾಹರಣೆ. ಇದು ಕಂದು ಅನಿಲ. ಎರಡೆರಡು ಅಣು ಸೇರಿದರೆ ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್. ಮುಚ್ಚಿದ ಕೊಳವೆಯನ್ನು ಬಿಸಿನೀರಲ್ಲಿಟ್ಟರೆ ಕಂದು ಗಾಢ, ಐಸಿನಲ್ಲಿಟ್ಟರೆ ತೆಳು. ಇದು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಸಿರಿಂಜಿನಲ್ಲಿ ತುಂಬಿ ಒತ್ತಿದರೆ? "ಅಣುಗಳು ಕಡಿಮೆ ಇರುವ ಕಡೆ ವಾಲುತ್ತದೆ, ಬಣ್ಣ ತೆಳುವಾಗುತ್ತದೆ" ಎಂದು ಬರೆದು ಮುಗಿಸಿದರೆ ಅದು ಅರ್ಧ ಸತ್ಯ. ಒತ್ತಿದ ಕ್ಷಣ ಅನಿಲ ಸಾಂದ್ರವಾಗಿ ಬಣ್ಣ ಗಾಢವಾಗುತ್ತದೆ. ಆಮೇಲೆ ಸ್ವಲ್ಪ ತೆಳುವಾಗುತ್ತದೆ, ಆದರೂ ಮೊದಲಿಗಿಂತ ಗಾಢವಾಗಿಯೇ ಉಳಿಯುತ್ತದೆ. ಇಷ್ಟನ್ನು ಬಿಡಿಸಿ ಹೇಳುವ ಪುಸ್ತಕ ಸಿಕ್ಕರೆ ಧೈರ್ಯವಾಗಿ ಕೊಳ್ಳಿ.

ಇನ್ನೊಂದು, ಸಮತೋಲನವನ್ನು ಕದಡಿದರೆ ಕ್ರಿಯೆ ಆ ಬದಲಾವಣೆಯನ್ನು ತಗ್ಗಿಸುವ ಕಡೆ ವಾಲುತ್ತದೆ ಎನ್ನುವ 1884ರ ಲೆ ಶಾಟೆಲಿಯೇ ನಿಯಮವನ್ನು ಬರೀ ಬಾಯಿಪಾಠ ಮಾಡಿಸಬಾರದು. ಲೆಕ್ಕ ಹಾಕಿಸಬೇಕು. ಹೈಡ್ರೋಜನ್, ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವ ಕ್ರಿಯೆಗೆ 448 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆ ಸುಮಾರು 50. ಕೆ ಅಂದರೆ ಸಮತೋಲನದಲ್ಲಿ ಹೈಡ್ರೋಜನ್ ಅಯೋಡೈಡ್ ಸಾಂದ್ರತೆಯ ವರ್ಗವನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆ. ಬೇರೆ ಯಾವುದೇ ಕ್ಷಣದ ಪ್ರಮಾಣಕ್ಕೆ ಇದೇ ಲೆಕ್ಕ ಹಾಕಿದರೆ ಅದು ಕ್ಯೂ. ಹೈಡ್ರೋಜನ್, ಅಯೋಡಿನ್ ತಲಾ ಲೀಟರಿಗೆ 0.1 ಮೋಲ್, ಹೈಡ್ರೋಜನ್ ಅಯೋಡೈಡ್ ಲೀಟರಿಗೆ 0.5 ಮೋಲ್ ಇದ್ದರೆ ಕ್ಯೂ 0.25 ಭಾಗಿಸು 0.01, ಅಂದರೆ 25. ಕೆಗಿಂತ ಕಡಿಮೆ, ಹಾಗಾಗಿ ಕ್ರಿಯೆ ಮುಂದಕ್ಕೇ. ಊಹೆಯ ಮಾತೇ ಇಲ್ಲ ಅಲ್ವಾ?

ಚೆಂಬೂರಿನ ಮಕ್ಕಳಿಗೆ ಅಮೋನಿಯಾ ಪಾಠ ಪಕ್ಕದ ಮನೆಯ ವಿಷಯ. ಟ್ರಾಂಬೆಯ ಆರ್‌ಸಿಎಫ್ ಗೊಬ್ಬರ ಕಾರ್ಖಾನೆಯಲ್ಲಿ ತಯಾರಾಗುವುದೇ ಅದು. ತಂಪಿನಲ್ಲಿ ಅಮೋನಿಯಾ ಜಾಸ್ತಿ ಸಿಗಬೇಕು, ಆದರೆ ಕ್ರಿಯೆ ತೀರಾ ನಿಧಾನ. ಅದಕ್ಕೇ ಹೇಬರ್ ವಿಧಾನದಲ್ಲಿ 400-450 ಡಿಗ್ರಿ ಶಾಖ, ಕಬ್ಬಿಣದ ಕ್ಯಾಟಲಿಸ್ಟ್. ಕ್ಯಾಟಲಿಸ್ಟ್ ಸಮತೋಲನಕ್ಕೆ ಬೇಗ ತಲುಪಿಸುತ್ತದೆ, ಕೆ ಬದಲಿಸುವುದಿಲ್ಲ.

ಮಹಾರಾಷ್ಟ್ರ ರಾಜ್ಯದ ಪಠ್ಯಪುಸ್ತಕವಾದ 2019ರ ಬಾಲಭಾರತಿ ಹನ್ನೊಂದರ ಪುಸ್ತಕದಲ್ಲಿ ಈ ಪಾಠವಿದೆ. ಅಯಾನಿಕ್ ಈಕ್ವಿಲಿಬ್ರಿಯಂ, ಅಂದರೆ ದ್ರಾವಣದಲ್ಲಿ ಅಯಾನುಗಳ ಸಮತೋಲನ, ಹನ್ನೆರಡಕ್ಕೆ ಹೋಗಿದೆ. ಎನ್‌ಸಿಇಆರ್‌ಟಿಯಲ್ಲಿ ಎರಡೂ ಹನ್ನೊಂದರಲ್ಲೇ. ನೀಟ್, ಜೆಇಇ ಬರೆಯುವವರು ಎನ್‌ಸಿಇಆರ್‌ಟಿ ಮೊದಲು ಓದಲಿ. ಜೊತೆಗೆ ಲೆಕ್ಕಗಳ ಒಂದೇ ಪುಸ್ತಕ ಸಾಕು, ಅದನ್ನು ಪೂರ್ತಿ ಮಾಡಬೇಕು ಅಷ್ಟೇ.