ವೀಸಾ ಬಂದಿದೆ, ದೇವರ ಚಿತ್ತ ಯಾವುದು?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕಯ್ಯಾರು, ಬೇಳ, ಕುಂಬಳೆ ಕಡೆಯ ಕ್ರೈಸ್ತ ಮನೆಗಳಲ್ಲಿ ದೇವರ ಚಿತ್ತದ ಪ್ರಶ್ನೆ ಏಳುವುದು ಹೆಚ್ಚಾಗಿ ಗಲ್ಫಿನಿಂದ ಕೆಲಸದ ಕರೆ ಬಂದಾಗ, ಮದುವೆ ಸಂಬಂಧ ಕೂಡಿಬಂದಾಗ, ಮಗುವನ್ನು ಕನ್ನಡ ಶಾಲೆಗೆ ಸೇರಿಸುವುದೋ ಬೇಡವೋ ಎಂದು ಚರ್ಚೆ ಹುಟ್ಟಿದಾಗ. ಸಲಹೆ ಕೇಳಿಕೊಂಡು ಬರುವವರು ಅಷ್ಟರಲ್ಲೇ ಕಣ್ಣು ಮುಚ್ಚಿ ಬೈಬಲ್ ತೆರೆದು ಒಂದು ವಚನದ ಮೇಲೆ ಬೆರಳಿಟ್ಟಿರುತ್ತಾರೆ, ಇಲ್ಲವೇ ಹೊಸ ವರ್ಷದ ರಾತ್ರಿ ಸಿಕ್ಕಿದ, ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ತಂದಿರುತ್ತಾರೆ. ವಿಚಾರಿಸಬೇಕಾದ್ದನ್ನು ವಿಚಾರಿಸುವ ಮೊದಲೇ ಗುರುತು ಕೇಳುವುದರಿಂದ ಎಡವುವವರೇ ಹೆಚ್ಚು.

ಬೈಬಲಿನ ಗಿದ್ಯೋನನೂ ಕುರಿಯ ಉಣ್ಣೆ ಹಾಸಿ ಗುರುತು ಕೇಳಿದನಲ್ಲ ಎನ್ನುತ್ತಾರೆ. ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ಪೂರ್ತಿ ಓದಿ. ಇಸ್ರಾಯೇಲ್ಯರನ್ನು ಬಿಡಿಸಲು ‘ಹೋಗು’ ಎಂಬ ದೇವರ ಅಪ್ಪಣೆ 14ನೆಯ ವಚನದಲ್ಲೇ ಸಿಕ್ಕಿದೆ, ಉಣ್ಣೆಯ ಮಾತು ಬರುವುದು 36ರಿಂದ. ಗೊತ್ತಿದ್ದ ಚಿತ್ತಕ್ಕೆ ಧೈರ್ಯ ಸಾಲದೆ ಅವನು ಕೇಳಿದ್ದು. ‘ಬಾಗಿಲು ತಾನಾಗಿ ತೆರೆಯಿತು’ ಎಂಬುದೂ ಸಾಲದು. ಯೋನನಿಗೆ ಯೊಪ್ಪದಲ್ಲಿ ಹಡಗು ಸಿದ್ಧವಾಗಿಯೇ ಸಿಕ್ಕಿತ್ತು, ಪ್ರಯಾಣದ ದುಡ್ಡೂ ಇತ್ತು. ಅವನು ಹೊರಟದ್ದು ಮಾತ್ರ ದೇವರ ಮಾತಿಗೆ ಬೆನ್ನು ಹಾಕಿ. ಬಿರುಗಾಳಿಯಲ್ಲೂ ಅವನಿಗೆ ಗಾಢ ನಿದ್ದೆ! ಗೆತ್ಸೆಮನೆಯಲ್ಲಿ ತಂದೆಯ ಚಿತ್ತಕ್ಕೆ ಒಪ್ಪಿಕೊಂಡ ಯೇಸುವಿಗೋ ಬೆವರು ರಕ್ತದ ಹನಿಗಳಂತೆ ಬಿತ್ತು. ಹಾಗಾಗಿ ‘ಮನಸ್ಸಿಗೆ ಸಮಾಧಾನ ಇದೆ’ ಎಂಬ ಒಂದೇ ಕಾರಣಕ್ಕೆ ಹೆಜ್ಜೆ ಇಡಬೇಡಿ.

ಗಲ್ಫಿನ ಕೆಲಸವನ್ನೇ ತೆಗೆದುಕೊಳ್ಳೋಣ. ಮೊದಲು ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ: ‘ಎರಡು ವರ್ಷದ ಕರಾರಿಗೆ ಒಬ್ಬನೇ ದುಬೈಗೆ ಹೋಗುವುದು, ಅಥವಾ ಊರಲ್ಲಿದ್ದು ಈಗಿನ ಕೆಲಸ ಮುಂದುವರಿಸುವುದು.’ ಬರೀ ‘ಹೋಗಬೇಕಾ?’ ಎಂದು ಬರೆದರೆ ಇನ್ನೊಂದು ದಾರಿ ಕಣ್ಣಿಗೇ ಬೀಳುವುದಿಲ್ಲ. ಆಮೇಲೆ, ದೇವರು ಈಗಾಗಲೇ ಹೇಳಿರುವ ಮಾತಿನ ಮುಂದೆ ಅದನ್ನು ಇಡಿ. ವಿಸಿಟ್ ವೀಸಾದಲ್ಲಿ ಹೋಗಿ ಕದ್ದು ದುಡಿಯುವುದು, ಸುಳ್ಳು ಅನುಭವ ಪತ್ರ, ಹೆಂಡತಿಗೆ ಹೇಳದೆ ಮಾಡುವ ಬಡ್ಡಿ ಸಾಲ ಇವುಗಳ ಬಗ್ಗೆ ಉಪವಾಸ ಪ್ರಾರ್ಥನೆಯ ಅಗತ್ಯವಿಲ್ಲ, ಉತ್ತರ ಆಜ್ಞೆಗಳಲ್ಲೇ ಇದೆ. ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೀಳು ಎಂದು 1 ತಿಮೊಥೆ 5:8 ಹೇಳುವ ಮಾತು ಎಷ್ಟು ಕಟುವಾಗಿದೆ ನೋಡಿ.

ಇನ್ನು ವಿಚಾರಣೆ. ಏಜೆಂಟರ ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಸರ್ಟಿಫಿಕೇಟ್ ದೃಢೀಕರಣಕ್ಕೆ ಕೇರಳದವರಾದ ನಮಗೆ ರಾಜ್ಯ ಸರ್ಕಾರದ ಅನಿವಾಸಿ ಕೇರಳೀಯರ ಇಲಾಖೆ ನೋರ್ಕಾ ಇದೆ. ಸಂಬಳ, ವಸತಿ, ರಜೆ ಎಲ್ಲವೂ ಕರಾರಿನಲ್ಲಿ ಬರಹದಲ್ಲಿರಲಿ. ಜ್ಞಾನ ಕಡಿಮೆಯಿರುವವನು ದೇವರನ್ನು ಕೇಳಿಕೊಳ್ಳಲಿ ಎನ್ನುತ್ತಾನೆ ಯಾಕೋಬ ತನ್ನ ಪತ್ರಿಕೆಯಲ್ಲಿ (1:5). ಆ ಪ್ರಾರ್ಥನೆಗೆ ಉತ್ತರ ಇಂಥ ಕಾಗದಪತ್ರಗಳಲ್ಲೂ ಸಿಗುತ್ತದೆ.

ಪ್ರಾರ್ಥನೆಯಲ್ಲಿ ಕೂರುವಾಗ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ 16ನೆಯ ಶತಮಾನದಲ್ಲಿ ಕಲಿಸಿದ ಕ್ರಮ ಇಂದಿಗೂ ಗಟ್ಟಿ. ಮೊದಲು ಮನಸ್ಸು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ‘ಬೇಡ’ ಎಂಬ ಉತ್ತರ ಬರಬಹುದು ಎಂದುಕೊಂಡರೇ ಸಿಟ್ಟು ಬರುತ್ತದೆಯೇ? ಹಾಗಾದರೆ ಮುಳ್ಳು ವಾಲಿದೆ. ಒಂದು ವಾರ ವೀಸಾದ ವಿಷಯ ಬಿಟ್ಟು, ‘ನಿನ್ನ ಚಿತ್ತ ನೆರವೇರಲಿ’ ಎಂದಷ್ಟೇ ಪ್ರಾರ್ಥಿಸಿ.

ನಂತರ ಒಂದು ಹಾಳೆಯಲ್ಲಿ ನಾಲ್ಕು ಪಟ್ಟಿ ಮಾಡಿ: ಹೋದರೆ ಒಳಿತು, ಹೋದರೆ ಕೆಡುಕು, ಹೋಗದಿದ್ದರೆ ಒಳಿತು, ಹೋಗದಿದ್ದರೆ ಕೆಡುಕು. ಕೊನೆಯ ಎರಡು ಪಟ್ಟಿ ಯಾಕೆ, ಹೇಳಿದ್ದನ್ನೇ ಹೇಳಿದ ಹಾಗಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬರೆದು ನೋಡಿ. ‘ಹೋದರೆ ಒಳಿತು’ ಎಂಬಲ್ಲಿ ಮನೆ ಸಾಲ ತೀರುವುದು ಬರುತ್ತದೆ. ‘ಹೋಗದಿದ್ದರೆ ಒಳಿತು’ ಎಂಬಲ್ಲಿ ಮಾತ್ರ, ಅಪ್ಪನನ್ನು ಡಯಾಲಿಸಿಸ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಒಬ್ಬ ಗಂಡಾಳು ಇರುತ್ತಾನೆ ಎಂಬುದು ಮೇಲೆ ಬರುತ್ತದೆ. ನಾಲ್ಕನೆಯದರಲ್ಲಿ ಬರೀ ‘ಜನ ಏನು ಹೇಳಿಯಾರು’ ಎಂಬುದೇ ತುಂಬಿದ್ದರೆ, ಈವರೆಗೆ ತಳ್ಳುತ್ತಿದ್ದದ್ದು ಯಾವುದೆಂದು ಗೊತ್ತಾಗುತ್ತದೆ. ಎಷ್ಟು ಸಾಲುಗಳಿವೆ ಎಂದು ಎಣಿಸಬೇಡಿ, ಯಾವ ಸಾಲಿಗೆ ಎಷ್ಟು ತೂಕ ಎಂದು ನೋಡಿ. ಗಂಡ ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ ಬರೆದು, ಆಮೇಲೆ ಜೊತೆಯಲ್ಲಿಟ್ಟು ಓದುವುದು ಒಳ್ಳೆಯದು. ಒಂದೇ ಹಾಳೆಯಾದರೆ ಹೆಚ್ಚಾಗಿ ಒಬ್ಬರ ಕೈಬರಹವೇ ಇರುತ್ತದೆ. ಈ ತೀರ್ಮಾನದಿಂದ ಯಾವ ಲಾಭವೂ ಇಲ್ಲದ ಇಬ್ಬರು ಹಿರಿಯರಿಗೂ ತೋರಿಸಿ.

ತೀರ್ಮಾನ ಒಂದು ಕಡೆಗೆ ಬಂದ ಮೇಲೆ ಅದನ್ನು ದೇವರ ಮುಂದಿಟ್ಟು ಕೆಲವು ದಿನ ಕಾಯಿರಿ. ಪ್ರಾರ್ಥನೆಯೇ ಬತ್ತಿಹೋದ ದಿನಗಳಲ್ಲಿ, ಜಗಳವಾದ ರಾತ್ರಿಯಲ್ಲಿ, ಮನೆಯಲ್ಲಿ ಸಾವಾದ ವಾರದಲ್ಲಿ, ಹಿಂದೆ ತಿಳಿಮನಸ್ಸಿನಿಂದ ಮಾಡಿದ ತೀರ್ಮಾನವನ್ನು ಬದಲಿಸಬೇಡಿ. ಇಗ್ನೇಷಿಯಸರ ಈ ನಿಯಮವೊಂದನ್ನು ಪಾಲಿಸಿದರೂ ಎಷ್ಟೋ ಮನೆ ಉಳಿಯುತ್ತದೆ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಯಾಗದಿದ್ದರೆ ವೈದ್ಯರನ್ನೂ ಕಾಣಿ. ‘ನಾಳೆ ಬೆಳಗ್ಗೆಯೊಳಗೆ ದುಡ್ಡು ಕಟ್ಟಬೇಕು’ ಎಂದು ಏಜೆಂಟ್ ಅವಸರಪಡಿಸಿದರೆ ಆ ಅವಸರವೇ ಇನ್ನಷ್ಟು ವಿಚಾರಿಸಲು ಸಾಕಾದ ಕಾರಣ.

ಮದುವೆಗೂ ಕ್ರಮ ಇದೇ, ಆದರೆ ಒಂದು ಅಪಾಯ ಹೆಚ್ಚು. ‘ಈ ಸಂಬಂಧ ದೇವರ ಚಿತ್ತ, ನನಗೆ ತೋರಿಸಿದ್ದಾರೆ’ ಎಂದು ಹಿರಿಯರು ಹೇಳಿಬಿಟ್ಟರೆ ಹುಡುಗಿ ಬಾಯಿ ಬಿಡುವುದಾದರೂ ಹೇಗೆ? ವಿಧವೆಯ ಮರುಮದುವೆಯ ಬಗ್ಗೆ ಬರೆಯುವಾಗ ಪೌಲನು, ಆಕೆ ತನಗೆ ಇಷ್ಟವಾದವನನ್ನು ಮದುವೆಯಾಗಬಹುದು, ಅದು ಕರ್ತನಲ್ಲಿ ಆಗಲಿ ಎಂದಷ್ಟೇ ಹೇಳುತ್ತಾನೆ (1 ಕೊರಿಂಥ 7:39). ಕಥೋಲಿಕ ಸಭೆಯ ಕಾನೂನಿನ 1103ನೆಯ ನಿಯಮದಂತೆ ಬಲವಂತಕ್ಕೋ ಬೇರೆಯವರು ಹುಟ್ಟಿಸಿದ ಗಂಭೀರ ಭಯಕ್ಕೋ ಸಿಕ್ಕಿ, ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ ಮಾಡಿಕೊಂಡ ಮದುವೆ ಊರ್ಜಿತವೇ ಆಗುವುದಿಲ್ಲ. ಮದುವೆಗೆ ಮುಂಚಿನ ವಿಚಾರಣೆಯಲ್ಲಿ ಫಾದರ್ ಹುಡುಗ ಹುಡುಗಿಯನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳುವುದು ಇದಕ್ಕಾಗಿಯೇ. ಹುಡುಗಿಗೆ ಮನಸ್ಸಿಲ್ಲದಿದ್ದರೆ ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಬಹುದು. ಹಾಲ್ ಬುಕ್ ಆಗಿದ್ದರೂ, ಕಾಗದ ಹಂಚಿ ಆಗಿದ್ದರೂ ಹೇಳಬಹುದು.