ನಿಮ್ಮ ಡೇಟಾದ ಒಂದು ಸಾಲು ಯಾರದ್ದು?

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ನನಗೆ ತೋರಿಸುವ ಕರಡುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಕೋಷ್ಟಕ ಜಿಲ್ಲೆಗಳದ್ದು, ತೀರ್ಮಾನ ಮನುಷ್ಯರದ್ದು. 'ವಲಸಿಗರು ಜಾಸ್ತಿ ಇರುವ ಜಿಲ್ಲೆಗಳಲ್ಲಿ ಅನಕ್ಷರತೆ ಜಾಸ್ತಿ' ಎಂದು ಲೆಕ್ಕ ಹೇಳುತ್ತದೆ. ಮುಂದಿನ ಪುಟದಲ್ಲಿ 'ಆದ್ದರಿಂದ ವಲಸಿಗರಲ್ಲಿ ಅನಕ್ಷರಸ್ಥರು ಜಾಸ್ತಿ' ಎಂಬ ವಾಕ್ಯ ಬಂದು ಕೂತಿರುತ್ತದೆ. ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಖಂಡಿತ ಒಂದೇ ಅಲ್ಲ.

ಕಾಗದ ತಗೊಳ್ಳಿ. ಒಂದು ಜಿಲ್ಲೆಯಲ್ಲಿ 100 ಜನ ಇದ್ದಾರೆ ಅಂದುಕೊಳ್ಳಿ. 40 ಜನ ವಲಸಿಗರು, 30 ಜನಕ್ಕೆ ಓದುಬರಹ ಬಾರದು. ನಾಲ್ಕು ಮನೆಗಳ ಕೋಷ್ಟಕ ಬರೆಯಿರಿ: ಅಡ್ಡಸಾಲಿನಲ್ಲಿ ವಲಸಿಗರು, ಸ್ಥಳೀಯರು; ಕಂಬಸಾಲಿನಲ್ಲಿ ಓದುಬರಹ ಬಾರದವರು, ಬಲ್ಲವರು. ಅಂಚಿನ ಮೊತ್ತಗಳನ್ನು ತುಂಬಿ: 40, 60, 30, 70. ಈಗ ಹೇಳಿ, ಓದುಬರಹ ಬಾರದ ವಲಸಿಗರು ಎಷ್ಟು? ಆ ಮನೆಯಲ್ಲಿ 30 ಹಾಕಿ ನೋಡಿ. ಉಳಿದ ಮನೆಗಳಿಗೆ 10, 0, 60 ಬಂದು ಲೆಕ್ಕ ಸರಿಹೋಗುತ್ತದೆ. 0 ಹಾಕಿ. ಆಗಲೂ 40, 30, 30 ಬಂದು ಸರಿಹೋಗುತ್ತದೆ. ಮೊದಲನೆಯದರಲ್ಲಿ ಓದುಬರಹ ಬಾರದವರೆಲ್ಲ ವಲಸಿಗರೇ. ಎರಡನೆಯದರಲ್ಲಿ ಒಬ್ಬ ವಲಸಿಗನೂ ಅನಕ್ಷರಸ್ಥನಲ್ಲ. ನಿಮ್ಮ ಫೈಲಿನಲ್ಲಿ ಮಾತ್ರ ಎರಡಕ್ಕೂ ಅದೇ ಸಾಲು: 40, 30. ಇಂಥ 500 ಸಾಲು ಸೇರಿಸಿದರೂ ಒಳಗಿನ ಮನೆಗಳು ತಾವಾಗಿ ತುಂಬುವುದಿಲ್ಲ.

ಇದು ಬರೀ ಕಾಗದದ ಮೇಲಿನ ಸಾಧ್ಯತೆಯೂ ಅಲ್ಲ. ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ 1950ರ ಒಂದು ಲೇಖನದಲ್ಲಿ ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಇದನ್ನೇ ತೋರಿಸಿದರು. ರಾಜ್ಯಗಳನ್ನು ಹೋಲಿಸಿದರೆ, ಹೊರದೇಶದಲ್ಲಿ ಹುಟ್ಟಿದವರ ಪ್ರಮಾಣಕ್ಕೂ ಅನಕ್ಷರತೆಗೂ ಕೋರಿಲೇಷನ್ (ಎರಡು ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, −1ರಿಂದ +1ರವರೆಗೆ) ಸುಮಾರು −0.53. ವಲಸಿಗರು ಹೆಚ್ಚಿದ್ದಷ್ಟೂ ಅನಕ್ಷರತೆ ಕಡಿಮೆ! ವ್ಯಕ್ತಿಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡಾಗ ಅದು +0.12. ಚಿಹ್ನೆಯೇ ತಿರುಗಿತು. ವಲಸಿಗರು ಹೆಚ್ಚಾಗಿ ನೆಲೆಸಿದ್ದು ಸ್ಥಳೀಯರ ಓದುಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅದಕ್ಕೇ ಹೀಗಾಯಿತು.

ಚಿಹ್ನೆ ತಿರುಗದಿದ್ದಾಗಲೂ ಅಂಕಿ ಉಬ್ಬಬಹುದು. ಅದೇ ಲೇಖನದಲ್ಲಿ ಕಪ್ಪು ಜನರು ಮತ್ತು ಅನಕ್ಷರತೆಯ ಲೆಕ್ಕವೂ ಇದೆ. ವ್ಯಕ್ತಿಗಳ ಮಟ್ಟದಲ್ಲಿ 0.20, ರಾಜ್ಯಗಳ ಮಟ್ಟದಲ್ಲಿ 0.77, ದೇಶವನ್ನು ಒಂಬತ್ತು ವಿಭಾಗ ಮಾಡಿದಾಗ 0.95. ಜನರನ್ನು ಗುಂಪು ಕಟ್ಟಿ ಸರಾಸರಿ ತೆಗೆದರೆ ಗುಂಪಿನ ಒಳಗಿನ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ 'ಮೇಡಂ, 0.8 ಬಂತು!' ಎಂದು ಯಾರಾದರೂ ಖುಷಿಯಿಂದ ಓಡಿಬಂದಾಗ ನನಗೆ ಸಂಕಟ. ತಿಂಗಳುಗಟ್ಟಲೆ ಕೂತು ಡೇಟಾ ಶುಚಿ ಮಾಡಿರುತ್ತಾರೆ ಪಾಪ. ಆದರೂ ಕೇಳಲೇಬೇಕು: ಫೈಲಿನ ಒಂದು ಸಾಲು ಯಾರದ್ದು? ಒಬ್ಬ ಮನುಷ್ಯನದ್ದೋ, ಒಂದು ಕುಟುಂಬದ್ದೋ, ಒಂದು ಜಿಲ್ಲೆಯದ್ದೋ?

ಸಾಫ್ಟ್‌ವೇರ್ ಈ ಪ್ರಶ್ನೆ ಕೇಳುವುದಿಲ್ಲ. ಪಿ-ಮೌಲ್ಯ (ನಿಜಕ್ಕೂ ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.001 ಬಂದರೂ ಇದಕ್ಕೆ ಉತ್ತರವಲ್ಲ.

ಹಾಗಂತ ಜಿಲ್ಲಾ ಮಟ್ಟದ ಡೇಟಾ ಕೆಲಸಕ್ಕೆ ಬಾರದ್ದು ಅಂತ ಸುಮ್ನೆ ತಳ್ಳಿಹಾಕಬೇಡಿ. ನಿಮ್ಮ ಪ್ರಶ್ನೆಯೇ ಜಿಲ್ಲೆಗಳ ಬಗ್ಗೆ ಇದ್ದರೆ ಅದೇ ಸರಿಯಾದ ಡೇಟಾ. ಕೆಲವೊಮ್ಮೆ ಅಂಚಿನ ಮೊತ್ತಗಳಿಂದಲೇ ಅಷ್ಟಿಷ್ಟು ತಿಳಿಯುತ್ತದೆ. 100 ಜನರಲ್ಲಿ 95 ವಲಸಿಗರು, 30 ಅನಕ್ಷರಸ್ಥರು ಇದ್ದರೆ, ಕನಿಷ್ಠ 25 ವಲಸಿಗರಿಗೆ ಓದುಬರಹ ಬಾರದು ಎಂದು ಧೈರ್ಯವಾಗಿ ಬರೆಯಬಹುದು. ವ್ಯಕ್ತಿ, ಜಿಲ್ಲೆ ಎರಡೂ ಮಟ್ಟಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಬಹುಮಟ್ಟದ ಮಾದರಿಗಳೂ ಇವೆ, ಆದರೆ ಸಾಮಾನ್ಯವಾಗಿ ಅವಕ್ಕೆ ವ್ಯಕ್ತಿಗಳ ಮಾಹಿತಿಯೂ ಬೇಕು. ಅದು ಸಿಗುತ್ತದೆಯೇ ಎಂದು ಪ್ರಬಂಧದ ವಿಷಯ ಗಟ್ಟಿಮಾಡುವ ಮೊದಲೇ ಹುಡುಕಿ.

ಸಿಗದಿದ್ದರೆ ಪ್ರಶ್ನೆಯನ್ನೇ ಬದಲಿಸಿ. ಒಬ್ಬ ವಿದ್ಯಾರ್ಥಿನಿ ಹಾಗೇ ಮಾಡಿದಳು. ಮೊದಲು ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ 'ವಲಸಿಗರಲ್ಲಿ ಅನಕ್ಷರತೆ' ಎಂಬ ಶೀರ್ಷಿಕೆ ಹೊಡೆದುಹಾಕಿ 'ವಲಸಿಗರು ಎಂಥ ಜಿಲ್ಲೆಗಳಲ್ಲಿ ಹೆಚ್ಚಾಗಿ ನೆಲೆಸಿದ್ದಾರೆ?' ಎಂದು ಬರೆದಳು. ಕೋಷ್ಟಕಗಳಲ್ಲಿ ಒಂದು ಅಂಕಿಯನ್ನೂ ಬದಲಿಸಬೇಕಾಗಲಿಲ್ಲ.