ಕೈಬಿಟ್ಟವರ ಪಟ್ಟಿ: ಸೆರೆಗೆ ಹೋದ ಪೊಲೀಸ್ ಅಧಿಕಾರಿಯ ಮನಸ್ಸು

ಜೈಲಿನಲ್ಲಿರುವ ಪೊಲೀಸ್ ಅಧಿಕಾರಿಗಳು ನನ್ನೆದುರು ಕುಳಿತು ಮಾತು ಆರಂಭಿಸುವಾಗ ‘ದ್ರೋಹ’ ಎಂಬ ಶಬ್ದವನ್ನು ಬಳಸುವುದು ಅಪರೂಪ. ಅವರ ಬಾಯಿಂದ ಮೊದಲು ಬರುವುದು ‘ನಮ್ಮವರೇ ಕೈಬಿಟ್ಟರು’ ಎಂಬ ಮಾತು. ಇವೆರಡರ ನಡುವಿನ ಅಂತರ ನನಗೆ ಅರ್ಥವಾಗಲು ಕೆಲವು ವರ್ಷಗಳೇ ಹಿಡಿದವು. ದ್ರೋಹ ಬಗೆಯುವವನು ಏನನ್ನಾದರೂ ಮಾಡಬೇಕಾಗುತ್ತದೆ: ಸುಳ್ಳು ಸಾಕ್ಷಿ ಹೇಳಬೇಕು, ಕಾಗದ ತಿದ್ದಬೇಕು, ಗುಟ್ಟು ಬಿಟ್ಟುಕೊಡಬೇಕು. ಕೈಬಿಡುವವನಿಗೆ ಸುಮ್ಮನಿದ್ದರೆ ಸಾಕು. ಬಂಧನಕ್ಕೊಳಗಾದ ಅಧಿಕಾರಿಯನ್ನು ರಾತ್ರಿಯೆಲ್ಲ ಎಚ್ಚರವಾಗಿಡುವುದು ತನ್ನ ವಿರುದ್ಧ ಸಾಕ್ಷಿ ಹೇಳಿದವರ ನೆನಪಿಗಿಂತ ಹೆಚ್ಚಾಗಿ, ಏನನ್ನೂ ಹೇಳದೆ ಉಳಿದವರ ನೆನಪು.

ಮನೋವೈದ್ಯಕೀಯ ಸಲಹೆಗಾರಳಾಗಿ ನಾನು ಕಂಡ ಇಂಥ ಹಲವರ ಅನುಭವಗಳನ್ನು, ಯಾರ ಗುರುತೂ ಸಿಗದಂತೆ ಒಂದರೊಳಗೊಂದು ಬೆರೆಸಿ, ಇಲ್ಲಿ ಬರೆಯುತ್ತಿದ್ದೇನೆ. ಇವರಲ್ಲಿ ಎಲ್ಲ ಬಗೆಯವರೂ ಇದ್ದರು. ಲಂಚ ಪಡೆದು ಸಿಕ್ಕಿಬಿದ್ದವರಿದ್ದರು. ವಶದಲ್ಲಿದ್ದವನ ಮೇಲೆ ಕೈಮಾಡಿದವರಿದ್ದರು. ಮೇಲಿನವರು ಬಾಯಿಮಾತಿನಲ್ಲಿ ಕೊಟ್ಟ ಆದೇಶವನ್ನು ಪಾಲಿಸಿ, ಕೊನೆಗೆ ಆ ಆದೇಶಕ್ಕೆ ದಾಖಲೆಯೇ ಇಲ್ಲವೆಂದು ತಿಳಿದು ದಿಗ್ಭ್ರಮೆಗೊಂಡವರಿದ್ದರು. ಏನೂ ಮಾಡದೆ ಸಿಲುಕಿ, ವರ್ಷಗಳ ಬಳಿಕ ನಿರ್ದೋಷಿಯೆಂದು ಹೊರಬಂದವರೂ ಇದ್ದರು. ಆರೋಪ ಯಾವುದೇ ಇರಲಿ, ತೀರ್ಪು ಏನೇ ಬಂದಿರಲಿ, ‘ಕೈಬಿಟ್ಟರು’ ಎಂಬ ಮಾತು ಮಾತ್ರ ಎಲ್ಲರದೂ ಆಗಿತ್ತು. ಅದಕ್ಕಾಗಿಯೇ, ಇವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ಮೊದಲು ತೀರ್ಮಾನವಾಗಲಿ, ಆಮೇಲೆ ಇವನ ನೋವನ್ನು ಕೇಳೋಣ ಎಂಬ ನಿಲುವನ್ನು ನಾನು ಒಪ್ಪುವುದಿಲ್ಲ. ಆ ತೀರ್ಮಾನ ನ್ಯಾಯಾಲಯದ್ದು, ಅದಕ್ಕೆ ವರ್ಷಗಳೇ ಬೇಕಾಗಬಹುದು. ಮನಸ್ಸು ಕುಸಿಯುವುದಕ್ಕೆ ಅಷ್ಟು ಕಾಲ ಬೇಕಾಗಿಲ್ಲ.

ಸೆರೆಮನೆ ಯಾರಿಗೂ ಸುಲಭದ ಜಾಗವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ 1958ರಲ್ಲಿ ನ್ಯೂಜೆರ್ಸಿಯ ಒಂದು ಸೆರೆಮನೆಯ ಅಧ್ಯಯನವನ್ನು ಪ್ರಕಟಿಸುತ್ತ, ಕೈದಿ ಕಳೆದುಕೊಳ್ಳುವುದನ್ನು ಐದಾಗಿ ವಿಂಗಡಿಸಿದರು: ಸ್ವಾತಂತ್ರ್ಯ, ವಸ್ತು ಮತ್ತು ಸೌಕರ್ಯಗಳು, ದಾಂಪತ್ಯದ ಸಾಮೀಪ್ಯ, ಸ್ವಂತ ನಿರ್ಧಾರದ ಹಕ್ಕು, ಸುರಕ್ಷತೆ. ಅಧಿಕಾರಿಯಾಗಿದ್ದವನು ಈ ಐದರ ಜೊತೆಗೆ ಕಳೆದುಕೊಳ್ಳುವ ಆರನೆಯದೊಂದಿದೆ, ಅದು ತನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬ ಖಾತರಿ. ಪೊಲೀಸ್ ಕೆಲಸದ ಅಡಿಪಾಯವೇ ಈ ಖಾತರಿ. ಕತ್ತಲ ಮನೆಯೊಳಕ್ಕೆ ಮೊದಲು ಕಾಲಿಡುವವನು ಹಿಂತಿರುಗಿ ನೋಡುವುದಿಲ್ಲ, ಏಕೆಂದರೆ ಹಿಂದೆ ಜೊತೆಗಾರನಿದ್ದಾನೆಂಬುದು ಅವನಿಗೆ ಗೊತ್ತು. ಯಾವ ನೇಮಕಾತಿ ಪತ್ರದಲ್ಲಿಯೂ ಬರೆಯದ ಈ ಒಪ್ಪಂದಕ್ಕೆ ಪ್ರತಿಯಾಗಿ ಅವನು ನಿದ್ದೆಯನ್ನು, ಹಬ್ಬಗಳನ್ನು, ಮಕ್ಕಳ ಬಾಲ್ಯವನ್ನು ಕೊಟ್ಟಿರುತ್ತಾನೆ. ಬಂಧನದ ದಿನ ಅವನು ಅಭ್ಯಾಸಬಲದಿಂದ ಹಿಂದೆ ನೋಡದೆಯೇ ನಡೆಯುತ್ತಾನೆ. ಹಿಂದೆ ಯಾರೂ ಇಲ್ಲವೆಂಬುದು ಅವನ ಅರಿವಿಗೆ ಬರುವುದು ಒಂದೆರಡು ವಾರಗಳ ನಂತರ.

ಸಮಾಜವು ಒಬ್ಬ ವ್ಯಕ್ತಿಯನ್ನು ವಿಧಿವತ್ತಾಗಿ ಕೆಳಗಿಳಿಸುವ ಕ್ರಮಗಳನ್ನು 1956ರಲ್ಲಿ ಸಮಾಜಶಾಸ್ತ್ರಜ್ಞ ಹೆರಾಲ್ಡ್ ಗಾರ್ಫಿಂಕೆಲ್ ‘ಅವನತಿಯ ವಿಧಿಗಳು’ ಎಂಬ ಅರ್ಥದಲ್ಲಿ ವಿವರಿಸಿದ್ದರು. ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವುದು, ಬೆರಳಚ್ಚು ತೆಗೆಯುವುದು, ಸಾಮಾನುಗಳ ಪಟ್ಟಿ ಬರೆಯುವುದು, ಸಂಖ್ಯೆ ಕೊಡುವುದು, ಇವೆಲ್ಲ ಅಂಥ ವಿಧಿಗಳೇ. ಅಧಿಕಾರಿಗೆ ಇದರಲ್ಲಿ ಹೊಸದೇನೂ ಇಲ್ಲ, ಇವೆಲ್ಲವನ್ನೂ ಅವನು ಇತರರ ಮೇಲೆ ನಡೆಸಿದವನೇ. ಆದ್ದರಿಂದ ಮುಂದೇನಾಗಲಿದೆ ಎಂಬುದು ಪ್ರತಿ ಹಂತದಲ್ಲಿಯೂ ಅವನಿಗೆ ಮೊದಲೇ ಗೊತ್ತಿರುತ್ತದೆ, ಹಾಗೆ ಗೊತ್ತಿರುವುದೇ ಅವನಿಗೆ ಹಿಂಸೆಯಾಗುತ್ತದೆ. ಒಬ್ಬರು ನನಗೆ ಹೇಳಿದ್ದು ಹೀಗೆ: ‘ಡಾಕ್ಟರೇ, ಬೇಡಿ ಹಾಕಿದ ಹುಡುಗ ನನ್ನ ಕೈಕೆಳಗೆ ಕೆಲಸ ಕಲಿತವನು. ಕೈ ಚಾಚಿ ಸಾರ್ ಅಂದ. ಸಾರ್ ಅಂತ ಕರೆಯದೆ ಹಾಕಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.’ ಆ ಹುಡುಗ ತೋರಿಸಿದ್ದು ಗೌರವವೇ ಇರಬೇಕು. ಆದರೆ ಹಳೆಯ ಸಂಬೋಧನೆಯೂ ಹೊಸ ಬೇಡಿಯೂ ಒಂದೇ ಕ್ಷಣದಲ್ಲಿ ಸೇರಿದ್ದನ್ನು ಅವರ ಮನಸ್ಸು ಹಲವು ತಿಂಗಳು ಜೀರ್ಣಿಸಿಕೊಳ್ಳಲಾರದೆ ಹೋಯಿತು.

ಇದಾದ ಮೇಲೆ ಬರುವುದು ಪ್ರತ್ಯೇಕ ಕೋಣೆ. ತಾನು ಹಿಡಿದು ಕಳಿಸಿದವರ ನಡುವೆಯೇ ಪೊಲೀಸನನ್ನು ಬಿಡುವುದು ಪ್ರಾಣಕ್ಕೆ ಅಪಾಯವಾದ್ದರಿಂದ ಅವನನ್ನು ಬೇರೆ ಇರಿಸುತ್ತಾರೆ. ಉದ್ದೇಶ ರಕ್ಷಣೆಯೇ ಆದರೂ, ಪರಿಣಾಮದಲ್ಲಿ ಅದು ಶಿಕ್ಷೆಯ ಒಂಟಿ ಕೋಣೆಗಿಂತ ಬೇರೆಯಲ್ಲ. ವಿಶ್ವಸಂಸ್ಥೆ 2015ರ ಡಿಸೆಂಬರಿನಲ್ಲಿ ಅಂಗೀಕರಿಸಿದ, ನೆಲ್ಸನ್ ಮಂಡೇಲಾ ಹೆಸರಿನ ನಿಯಮಗಳ ಪ್ರಕಾರ, ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಅರ್ಥಪೂರ್ಣ ಮಾನವ ಸಂಪರ್ಕವಿಲ್ಲದೆ ಇರಿಸುವುದು ಏಕಾಂತ ಬಂಧನ. ಅದು ಸತತ 15 ದಿನಗಳನ್ನು ಮೀರಿದರೆ ದೀರ್ಘ ಏಕಾಂತ ಬಂಧನವೆನಿಸುತ್ತದೆ, ಅದನ್ನು ನಿಯಮಗಳು ನಿಷೇಧಿಸುತ್ತವೆ. ರಕ್ಷಣೆಯ ಹೆಸರಿನಲ್ಲಿ ಒಂಟಿಯಾದವನಿಗೆ ಮನುಷ್ಯರ ಜೊತೆ ಮಾತನಾಡುವ ಅವಕಾಶವನ್ನು ಬೇರೆ ದಾರಿಯಿಂದಾದರೂ ಒದಗಿಸಬೇಕೆಂದು ನಾನು ಪ್ರತಿ ಬಾರಿಯೂ ಜೈಲಿನ ವೈದ್ಯರನ್ನು ಕೇಳಿಕೊಳ್ಳುತ್ತೇನೆ.

ಆ ಒಂಟಿತನದಲ್ಲಿ ತನಿಖಾಧಿಕಾರಿಯ ಮನಸ್ಸು ತನಗೆ ಗೊತ್ತಿರುವ ಕೆಲಸವನ್ನೇ ಆರಂಭಿಸುತ್ತದೆ. ಅದು ಪ್ರಕರಣ ದಾಖಲಿಸಿಕೊಳ್ಳುತ್ತದೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ಹೆಂಡತಿಗೆ ಫೋನ್ ಮಾಡಿದರು, ನ್ಯಾಯಾಲಯದ ಆವರಣದಲ್ಲಿ ಯಾರು ಮುಖ ತಿರುಗಿಸಿದರು, ಎಷ್ಟು ಗಂಟೆಗೆ, ಎಲ್ಲಿ ನಿಂತು. ಒಬ್ಬರು ಇದನ್ನು ನಿಜಕ್ಕೂ ನೋಟ್‌ಬುಕ್ಕಿನಲ್ಲಿ, ದಿನಾಂಕ ಮತ್ತು ಸಮಯದೊಂದಿಗೆ, ಮೇಲಧಿಕಾರಿಗೆ ಸಲ್ಲಿಸುವ ವರದಿಯ ಭಾಷೆಯಲ್ಲಿಯೇ ಬರೆದಿಟ್ಟಿದ್ದರು. ತಮ್ಮನ್ನು ‘ನಾನು’ ಎಂದು ಎಲ್ಲಿಯೂ ಬರೆದುಕೊಂಡಿರಲಿಲ್ಲ; ‘ಸದರಿ ಅಧಿಕಾರಿ’ ಎಂದಿತ್ತು. ಮೂವತ್ತಕ್ಕೂ ಹೆಚ್ಚು ಹೆಸರುಗಳಿದ್ದ ಆ ಪಟ್ಟಿಯನ್ನು ಅವರು ದಿನಕ್ಕೆ ಹಲವು ಬಾರಿ ಓದುತ್ತಿದ್ದರು. ಅವರಿಗೆ ಅದು ಸಾಕ್ಷ್ಯ ಸಂಗ್ರಹ, ನನಗೆ ರೋಗಲಕ್ಷಣ. ಆದರೂ ಅದನ್ನು ಹರಿದು ಹಾಕಿ ಎಂದು ನಾನು ಹೇಳಲಿಲ್ಲ, ಯಾರಿಗೂ ಹೇಳುವುದಿಲ್ಲ. ಚಿಕಿತ್ಸೆಗೆ ಬಾಗಿಲು ತೆರೆಯುವುದೇ ಆ ಪಟ್ಟಿಯಿಂದ.

ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಪರಿಕಲ್ಪನೆಯನ್ನು ವಿವರಿಸಬೇಕು. ಮನೋವಿಜ್ಞಾನದಲ್ಲಿ ‘ನೈತಿಕ ಗಾಯ’ ಎಂದು ಕರೆಯುವ ಸ್ಥಿತಿಗೆ ಎರಡು ವ್ಯಾಖ್ಯಾನಗಳಿವೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ಹೇಳಿದ್ದು, ಪ್ರಾಣಾಪಾಯದಂಥ ಸನ್ನಿವೇಶದಲ್ಲಿ, ಅಧಿಕಾರದ ಸ್ಥಾನದಲ್ಲಿರುವವರು ಸರಿಯಾದುದಕ್ಕೆ ದ್ರೋಹ ಬಗೆದಾಗ ಆಗುವ ಗಾಯವೆಂದು. 2009ರಲ್ಲಿ ಮನೋವಿಜ್ಞಾನಿ ಬ್ರೆಟ್ ಲಿಟ್ಜ್ ಮತ್ತು ಅವರ ಸಹೋದ್ಯೋಗಿಗಳು ಹೇಳಿದ್ದು, ತನ್ನ ನೈತಿಕ ನಂಬಿಕೆಗೆ ವಿರುದ್ಧವಾದುದನ್ನು ತಾನೇ ಮಾಡಿದಾಗ, ತಡೆಯಲಾರದೆ ಹೋದಾಗ ಅಥವಾ ಕಣ್ಣಾರೆ ಕಂಡಾಗ ಆಗುವ ಗಾಯವೆಂದು. ಒಂದು ‘ನನಗೆ ಮಾಡಿದ್ದು’, ಇನ್ನೊಂದು ‘ನಾನು ಮಾಡಿದ್ದು’. ಸೈನಿಕರ ಬಗ್ಗೆ ಹುಟ್ಟಿದ ಈ ವಿವೇಚನೆ ಸೆರೆಗೆ ಹೋದ ಪೊಲೀಸರ ವಿಷಯದಲ್ಲಿ ಎಷ್ಟು ಸರಿಯಾಗಿ ಹೊಂದುತ್ತದೆಂದರೆ, ನನ್ನ ಇಡೀ ಚಿಕಿತ್ಸಾಕ್ರಮ ಈಗ ಇದರ ಮೇಲೆಯೇ ನಿಂತಿದೆ.

ಏಕೆಂದರೆ ಸೆರೆಯಲ್ಲಿ ಇವೆರಡು ಗಾಯಗಳು ಬೆರೆತುಹೋಗುತ್ತವೆ, ಮತ್ತು ಒಂದು ಇನ್ನೊಂದನ್ನು ಮುಚ್ಚಿಡಲು ಬಳಕೆಯಾಗುತ್ತದೆ. ವಶದಲ್ಲಿದ್ದ ಯುವಕನೊಬ್ಬನ ಮೇಲೆ ಹಲ್ಲೆ ನಡೆಸಿದ ಅಧಿಕಾರಿಯೊಬ್ಬರು ಹಲವು ಭೇಟಿಗಳವರೆಗೆ ಆ ಯುವಕನ ಹೆಸರನ್ನೇ ಎತ್ತಲಿಲ್ಲ. ಅವರು ಹೇಳಿದ್ದೆಲ್ಲ, ಅದೇ ಕೋಣೆಯಲ್ಲಿದ್ದು ನಂತರ ‘ನಾನು ಆಗ ಅಲ್ಲಿರಲಿಲ್ಲ’ ಎಂದವರ ಬಗ್ಗೆ. ಅವರಿಗೆ ಆದ ಅನ್ಯಾಯ ಸುಳ್ಳಾಗಿರಲಿಲ್ಲ. ತಾವೂ ಹೊಣೆಗಾರರಾಗಿದ್ದವರು ಹೊಣೆಯನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟಿದ್ದರು. ಆದರೆ ಹಲ್ಲೆಗೊಳಗಾದ ಆ ಯುವಕನೂ ಒಬ್ಬ ನಂಬಿಕೆ ಕಳೆದುಕೊಂಡವನೇ. ಕಾನೂನಿನ ವಶದಲ್ಲಿರುವ ತನ್ನ ದೇಹಕ್ಕೆ ಕಾನೂನೇ ಕಾವಲು ಎಂದು ಅವನೂ ನಂಬಿದ್ದ. ಇದನ್ನು ನಾನು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳುತ್ತೇನೆ. ‘ನಿಮ್ಮನ್ನು ಕೈಬಿಟ್ಟಿದ್ದು ನಿಜ. ಅದಕ್ಕೆ ಒಂದು ಪುಟ. ನೀವು ಮಾಡಿದ್ದಕ್ಕೆ ಇನ್ನೊಂದು ಪುಟ. ಒಂದರ ಬಾಕಿಯನ್ನು ಇನ್ನೊಂದರಲ್ಲಿ ವಜಾ ಮಾಡಲು ಬರುವುದಿಲ್ಲ.’ ಲೆಕ್ಕ ಹೀಗೆ ಬೇರೆಯಾದ ದಿನವೇ ಬಹಳ ಮಂದಿ ಮೊದಲ ಬಾರಿಗೆ ಅತ್ತಿದ್ದಾರೆ. ನಿರಪರಾಧಿಗಳಿಗೂ ಈ ಕ್ರಮ ನೆರವಾಗುತ್ತದೆ: ತಾವೇನೋ ಮಾಡಿರಲೇಬೇಕು ಎಂಬ ಅಸ್ಪಷ್ಟ ಪಾಪಪ್ರಜ್ಞೆಯಿಂದ ನರಳುವವರಿಗೆ ಎರಡನೆಯ ಪುಟ ಖಾಲಿಯೆಂದು ಕಣ್ಣೆದುರು ಕಂಡಾಗ ಆಗುವ ಬಿಡುಗಡೆ ದೊಡ್ಡದು.

ಇನ್ನು ಸಂಸ್ಥೆಯ ಮಾತು. ಮನೋವಿಜ್ಞಾನಿ ಜೆನಿಫರ್ ಫ್ರೇಡ್ 1990ರ ದಶಕದಲ್ಲಿ ಗಮನಿಸಿದ್ದು, ನಾವು ಅವಲಂಬಿಸಿರುವವರೇ ನಮಗೆ ದ್ರೋಹ ಬಗೆದಾಗ ಮನಸ್ಸು ಆ ದ್ರೋಹವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳಬಹುದು ಎಂಬುದನ್ನು. ಬಂಧಿತ ಅಧಿಕಾರಿ ಮೊದಲ ವಾರಗಳಲ್ಲಿ ‘ಸಾಹೇಬರು ಏನಾದರೂ ಮಾಡುತ್ತಾರೆ’ ಎಂದು ಪಟ್ಟು ಹಿಡಿದು ಹೇಳುವುದು ಇದಕ್ಕೇ. ಇದೇ ಫ್ರೇಡ್ ಮತ್ತು ಕಾರ್ಲಿ ಸ್ಮಿತ್ 2013ರಲ್ಲಿ, ಲೈಂಗಿಕ ದೌರ್ಜನ್ಯಕ್ಕೊಳಗಾದ ವಿದ್ಯಾರ್ಥಿನಿಯರ ಅಧ್ಯಯನದಲ್ಲಿ, ಸಂಸ್ಥೆಯ ನಿರ್ಲಕ್ಷ್ಯವು ಮೂಲ ಆಘಾತದ ಲಕ್ಷಣಗಳನ್ನು ಉಲ್ಬಣಗೊಳಿಸುತ್ತದೆಂದು ತೋರಿಸಿದರು. ಸಂದರ್ಭ ಬೇರೆ, ನಿಜ. ಆದರೂ ಸಂಸ್ಥೆಯ ಮೌನ ಮತ್ತೊಂದು ಏಟಾಗಿಯೇ ಬೀಳುತ್ತದೆ ಎಂಬುದು ನನ್ನ ಅನುಭವಕ್ಕೂ ಬಂದಿದೆ.

ಬಿಡುಗಡೆಯಿಂದ ಈ ಗಾಯ ಮಾಯುವುದಿಲ್ಲ ಎಂಬುದಕ್ಕೆ ಸಾರ್ವಜನಿಕ ದಾಖಲೆಯಲ್ಲಿರುವ ಒಂದು ಪ್ರಕರಣವನ್ನು ನೋಡಬಹುದು. ಅಮೆರಿಕದ ಗಡಿ ಕಾವಲು ಪಡೆಯ ಇಗ್ನಾಸಿಯೊ ರಾಮೋಸ್ ಮತ್ತು ಹೋಸೆ ಕಾಂಪಿಯಾನ್ 2005ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಗಡಿಯಲ್ಲಿ, ಓಡಿಹೋಗುತ್ತಿದ್ದ ಮಾದಕವಸ್ತು ಕಳ್ಳಸಾಗಣೆದಾರನೊಬ್ಬನ ಮೇಲೆ ಗುಂಡು ಹಾರಿಸಿದರು. ಗುಂಡು ಹಾರಿಸಿದ್ದನ್ನು ನಿಯಮದಂತೆ ವರದಿ ಮಾಡಲಿಲ್ಲ. ಸರ್ಕಾರಿ ವಕೀಲರು ಆ ಕಳ್ಳಸಾಗಣೆದಾರನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಟ್ಟು ಸಾಕ್ಷಿ ಹೇಳಿಸಿದರು. 2006ರಲ್ಲಿ ರಾಮೋಸ್‌ಗೆ 11 ವರ್ಷ ಒಂದು ದಿನ, ಕಾಂಪಿಯಾನ್‌ಗೆ 12 ವರ್ಷ ಶಿಕ್ಷೆಯಾಯಿತು. ಸೆರೆಗೆ ಹೋದ ಕೆಲವೇ ವಾರಗಳಲ್ಲಿ ರಾಮೋಸ್ ಸಹಕೈದಿಗಳಿಂದ ಪೆಟ್ಟು ತಿಂದರು. 2009ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಅಧಿಕಾರ ಬಿಡುವ ಮುನ್ನಾದಿನ ಶಿಕ್ಷೆಯ ಅವಧಿಯನ್ನು ಕಡಿತಗೊಳಿಸಿದರು, ಆದರೆ ಅಪರಾಧಿ ಎಂಬ ತೀರ್ಮಾನ ಹಾಗೆಯೇ ಉಳಿಯಿತು; ಕ್ಷಮಾದಾನ ಬಂದದ್ದು 2020ರ ಡಿಸೆಂಬರಿನಲ್ಲಿ. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ, ಅದು ಇಲ್ಲಿ ನನ್ನ ವಿಷಯವೂ ಅಲ್ಲ. ಬಾಗಿಲು ತೆರೆಯುವುದಕ್ಕೂ ಕಳಂಕ ತೊಳೆಯುವುದಕ್ಕೂ ನಡುವೆ ಸುಮಾರು 12 ವರ್ಷ ಸಂದವು ಎಂಬುದನ್ನಷ್ಟೇ ಗಮನಿಸಬೇಕು. ಇಂಥ ನಡುಗಾಲದಲ್ಲಿರುವ ಅಧಿಕಾರಿಗೆ ‘ಹೊರಗೆ ಬಂದಿರಲ್ಲ, ಇನ್ನೇನು’ ಎಂದು ಮನೆಯವರು ಪ್ರೀತಿಯಿಂದ ಹೇಳಿದರೂ ಅದು ಚುಚ್ಚುತ್ತದೆ.

ಕುಟುಂಬದವರಿಗೂ ಜೈಲಿನ ಸಿಬ್ಬಂದಿಗೂ ತುರ್ತಾಗಿ ಹೇಳಬೇಕಾದದ್ದೊಂದಿದೆ. ಬಂಧನದ ಮೊದಲ ದಿನಗಳು ಮತ್ತು ತೀರ್ಪಿನ ಆಸುಪಾಸಿನ ದಿನಗಳು ಆತ್ಮಹತ್ಯೆಯ ದೃಷ್ಟಿಯಿಂದ ಅತ್ಯಂತ ಅಪಾಯದವು. ಬಂದ ಕೂಡಲೇ ಮಾಡುವ ವೈದ್ಯಕೀಯ ಪರೀಕ್ಷೆಯಲ್ಲಿ ಈ ಅಪಾಯವನ್ನೂ ಗುರುತಿಸಬೇಕೆಂದು ಮಂಡೇಲಾ ನಿಯಮಗಳು ಹೇಳುತ್ತವೆ. ಪೊಲೀಸರ ವಿಷಯದಲ್ಲಿ ಗುರುತಿಸುವುದು ಕಷ್ಟ, ಏಕೆಂದರೆ ಮುಖದಲ್ಲಿ ಏನನ್ನೂ ತೋರಿಸದಿರುವುದು ಅವರಿಗೆ ವೃತ್ತಿ ಕಲಿಸಿದ ವಿದ್ಯೆ. ಕೋಪದಿಂದ ಕುದಿಯುತ್ತಿದ್ದವರು ಒಮ್ಮೆಲೇ ಶಾಂತರಾಗಿ, ಬ್ಯಾಂಕ್ ಪುಸ್ತಕ, ವಿಮೆಯ ಕಾಗದ ಎಲ್ಲಿದೆ ಎಂದು ಹೆಂಡತಿಗೆ ವಿವರಿಸತೊಡಗಿದರೆ, ಧೈರ್ಯ ಬಂತೆಂದು ಸಮಾಧಾನಪಡಬೇಡಿ. ಆ ದಿನವೇ ವೈದ್ಯರಿಗೆ ತಿಳಿಸಿ. ‘ಸಾಯುವ ಯೋಚನೆ ಬರುತ್ತಿದೆಯೇ’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಕೇಳಿದ್ದಕ್ಕೆ ಕೃತಜ್ಞತೆಯಿಂದ ಉತ್ತರಿಸಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಈಗ ಪಟ್ಟಿಗೆ ಮರಳುತ್ತೇನೆ. ನಾವಿಬ್ಬರೂ ಕುಳಿತು ಒಂದೊಂದೇ ಹೆಸರನ್ನು ಓದುತ್ತ, ಈ ಮನುಷ್ಯ ಬರಲು ಸಾಧ್ಯವಿತ್ತೇ ಎಂದು ಕೇಳಿಕೊಳ್ಳುತ್ತೇವೆ. ಕೆಲವರು ಪ್ರಕರಣದ ಸಾಕ್ಷಿಗಳು. ಅವರು ಆರೋಪಿಯನ್ನು ಭೇಟಿಯಾದರೆ ಸಾಕ್ಷ್ಯವನ್ನು ತಿರುಚಿದ ಆರೋಪ ಬರುತ್ತದೆ, ಭೇಟಿಯಾಗದಿದ್ದುದು ಆರೋಪಿಗೇ ಒಳಿತು. ಇದು ಅಧಿಕಾರಿಗೆ ನನಗಿಂತ ಚೆನ್ನಾಗಿ ಗೊತ್ತು, ಆದರೆ ಗಾಯಗೊಂಡವನಿಗೆ ಗೊತ್ತಿದ್ದದ್ದೂ ಮರೆಯುತ್ತದೆ. ಕೆಲವರು ತಮ್ಮ ಹುದ್ದೆಗೆ ಹೆದರಿದವರು. ಅವರ ಹೆದರಿಕೆ ಸಹಜವೋ ಹೇಡಿತನವೋ ಎಂಬುದನ್ನು ಅಧಿಕಾರಿಯೇ ನಿರ್ಧರಿಸಲಿ. ತಾನು ಹೊರಗಿದ್ದು ಅವನು ಒಳಗಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಒಮ್ಮೆ ಯೋಚಿಸಲಿ ಎಂದಷ್ಟೇ ಕೇಳುತ್ತೇನೆ. ಉಳಿದವರು, ನಿಜಕ್ಕೂ ತಮ್ಮ ಲಾಭಕ್ಕಾಗಿ ಅವನನ್ನು ಬಲಿಗೊಟ್ಟವರು. ಅವರ ಹೆಸರು ಪಟ್ಟಿಯಲ್ಲಿಯೇ ಇರಲಿ. ಅವರನ್ನು ಕ್ಷಮಿಸಿಬಿಡಿ ಎಂದು ಉಪದೇಶಿಸುವ ಹಕ್ಕು ನನಗಿಲ್ಲ. ಮೂವತ್ತಕ್ಕೂ ಹೆಚ್ಚು ಹೆಸರುಗಳಿದ್ದ ಆ ನೋಟ್‌ಬುಕ್ಕಿನಲ್ಲಿ ಕೊನೆಗೆ ಉಳಿದದ್ದು ನಾಲ್ಕು. ನಾಲ್ವರ ಮೇಲಿನ ಸಿಟ್ಟನ್ನು ಇಟ್ಟುಕೊಂಡು ಮನುಷ್ಯ ಬದುಕಬಲ್ಲ. ಇಡೀ ಇಲಾಖೆಯೇ, ಇಡೀ ಜಗತ್ತೇ ಕೈಬಿಟ್ಟಿತೆಂಬ ಭಾವವನ್ನು ಹೊತ್ತು ಬದುಕುವುದು ಬಹಳ ಕಷ್ಟ.

ಬಂಧಿತ ಅಧಿಕಾರಿಯ ಸಹೋದ್ಯೋಗಿಗಳು ಆಗಾಗ ನನ್ನನ್ನು ಕೇಳುವುದುಂಟು: ಇಷ್ಟು ದಿನವಾದ ಮೇಲೆ ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು, ಹೋಗಿ ಏನು ಹೇಳುವುದು? ಪ್ರಕರಣದಲ್ಲಿ ನೀವು ಸಾಕ್ಷಿಯಲ್ಲದಿದ್ದರೆ, ಕಾನೂನಿನ ಅಡ್ಡಿ ಇಲ್ಲದಿದ್ದರೆ, ಹೋಗಿ. ಪ್ರಕರಣದ ಬಗ್ಗೆ ಮಾತನಾಡಬೇಡಿ, ಕಾರಣ ಕೊಡಬೇಡಿ, ಎಲ್ಲ ಸರಿಹೋಗುತ್ತದೆ ಎನ್ನಬೇಡಿ. ‘ಮೊದಲೇ ಬರಬೇಕಿತ್ತು, ಬರಲಿಲ್ಲ’ ಎಂದು ಹೇಳಿ, ಅವರು ಬಯ್ದರೆ ಬಯ್ಯಿಸಿಕೊಂಡು, ಭೇಟಿಯ ಅವಧಿ ಮುಗಿಯುವವರೆಗೆ ಎದ್ದು ಹೋಗದೆ ಕುಳಿತಿರಿ.